ಒಂದೇ ಮುಖ, ಎರಡು ಮುಖಪುಟ

ಪ್ರಶ್ನೆ: ನಾನು ತೀರ್ಥಹಳ್ಳಿ ತಾಲ್ಲೂಕಿನ ಪ್ರೌಢಶಾಲೆಯೊಂದರಲ್ಲಿ ಕನ್ನಡ ಮೇಷ್ಟ್ರು. ನಮ್ಮ ಮನೆಗೆ ಎರಡು ಕನ್ನಡ ದಿನಪತ್ರಿಕೆಗಳು ಬರುತ್ತವೆ. ಒಂದನ್ನು ಅಪ್ಪ ಹರೆಯದಿಂದಲೂ ಓದುತ್ತಿದ್ದಾರೆ, ಇನ್ನೊಂದನ್ನು ನಾನು ತರಿಸುತ್ತೇನೆ. ಮಲೆನಾಡಿನ ಶಾಸಕರೊಬ್ಬರು ಈಚೆಗೆ ಸದನದಲ್ಲಿ ಮಾತನಾಡಿದ ಮಾರನೆಯ ದಿನ ಅಪ್ಪನ ಪತ್ರಿಕೆಯ ಮುಖಪುಟದಲ್ಲಿ ‘ಸದನದಲ್ಲಿ ಶಾಸಕರ ಗುಡುಗು: ಸರ್ಕಾರ ತಬ್ಬಿಬ್ಬು’ ಎಂದಿತ್ತು. ನನ್ನ ಪತ್ರಿಕೆಯಲ್ಲಿ ‘ಶಾಸಕರ ಕೂಗಾಟ: ಕಲಾಪ ಅಸ್ತವ್ಯಸ್ತ’ ಎಂದಿತ್ತು. ಒಂದರ ಚಿತ್ರದಲ್ಲಿ ಅವರು ತೋರುಬೆರಳೆತ್ತಿ ನೆಟ್ಟಗೆ ನಿಂತಿದ್ದಾರೆ. ಇನ್ನೊಂದರಲ್ಲಿ ಬಾಯಿ ಅಗಲವಾಗಿ ತೆರೆದಿದೆ, ಕೊರಳ ನರ ಉಬ್ಬಿದೆ. ಈ ವಿಷಯಕ್ಕೆ ಅಪ್ಪನಿಗೂ ನನಗೂ ಮಾತಿಗೆ ಮಾತು ಬೆಳೆಯಿತು. ಎರಡರಲ್ಲಿ ಯಾವುದು ಸುಳ್ಳು? ಮುಖಪುಟವನ್ನು ಓದುವುದು ಹೇಗೆಂದು ಮಕ್ಕಳಿಗೆ ಏನು ಹೇಳಿಕೊಡಲಿ? ಎರಡೂ ಮುಖಪುಟಗಳನ್ನೂ ವರದಿ ಮುಂದುವರಿದ ಒಳಪುಟಗಳನ್ನೂ ಕಳಿಸಿದ್ದೇನೆ.

ಉತ್ತರ: ನೀವು ಕಳಿಸಿದ ನಾಲ್ಕೂ ಪುಟಗಳನ್ನು ಸಾವಧಾನವಾಗಿ ಓದಿದೆ. ಎರಡು ಪತ್ರಿಕೆಗಳಲ್ಲಿ ಯಾವುದೂ ಸುಳ್ಳು ಹೇಳಿಲ್ಲ, ಮತ್ತು ತೊಡಕು ಇರುವುದು ಅಲ್ಲಿಯೇ. ಸುಳ್ಳಾಗಿದ್ದರೆ ಅದನ್ನು ಹಿಡಿದು ತೋರಿಸಬಹುದಿತ್ತು, ತಿದ್ದುಪಡಿ ಕೇಳಬಹುದಿತ್ತು. ಆದರೆ ರಾಜಕಾರಣಿಯೊಬ್ಬರ ಚಿತ್ರಣ ಮುಖಪುಟದಲ್ಲಿ ರೂಪುಗೊಳ್ಳುವುದು ಬಹುಪಾಲು ಸುಳ್ಳಿನಿಂದಲ್ಲ. ಇರುವ ಹತ್ತು ನಿಜಗಳಲ್ಲಿ ಯಾವ ಎರಡನ್ನು ಎತ್ತಿಕೊಂಡರು, ಅವಕ್ಕೆ ಯಾವ ಕ್ರಿಯಾಪದ ಜೋಡಿಸಿದರು, ನೂರಾರು ಫೋಟೊಗಳಲ್ಲಿ ಯಾವುದನ್ನು ಆರಿಸಿದರು ಎಂಬುದರಿಂದ. 22 ವರ್ಷ ಸುದ್ದಿಮನೆಯ ಡೆಸ್ಕಿನಲ್ಲಿ ಕುಳಿತು ನಾನೂ ಇದೇ ಕೆಲಸ ಮಾಡಿದವನಾದ್ದರಿಂದ, ಹೊರಗಿನವನಂತೆ ತೀರ್ಪು ಹೇಳದೆ ಒಳಗಿನಿಂದ ಕಂಡದ್ದನ್ನು ಹೇಳುತ್ತೇನೆ.

ನೀವು ಕನ್ನಡದ ಮೇಷ್ಟ್ರು, ಆದ್ದರಿಂದ ‘ಗುಡುಗು’, ‘ಕೂಗಾಟ’ ಎಂಬ ಎರಡು ಪದಗಳಿಂದಲೇ ತೊಡಗೋಣ. ಗುಡುಗು ಮೇಲಿನಿಂದ ಬರುವ ಸದ್ದು. ಅದಕ್ಕೆ ಮರುಮಾತು ಆಡುವವರಿಲ್ಲ, ಅದರ ಹಿಂದೆ ಮಳೆಯ ನಿರೀಕ್ಷೆಯೂ ಇರುತ್ತದೆ. ಕೂಗಾಟ ಹಾಗಲ್ಲ. ಕೂಗಿಗೆ ‘ಆಟ’ ಸೇರಿದ ಕೂಡಲೇ ಅದು ಗೊತ್ತುಗುರಿಯಿಲ್ಲದ, ಎಳೆದಾಡುವ ಗದ್ದಲವಾಗಿಬಿಡುತ್ತದೆ. ಕಿರುಚಾಟ, ಕಚ್ಚಾಟ, ಹಾರಾಟ, ರಂಪಾಟಗಳೆಲ್ಲ ಇದೇ ಮನೆತನದವು. ಹೋರಾಟದಲ್ಲೂ ಅದೇ ಆಟವಿದೆ ಎಂದು ನಿಮ್ಮ ವಿದ್ಯಾರ್ಥಿಗಳು ಕೇಳಿದರೆ ಸಂತೋಷಪಡಿ, ಒಳ್ಳೆಯ ಪ್ರಶ್ನೆ ಅದು: ಚಳವಳಿಗಳ ದೀರ್ಘ ಬಳಕೆಯಿಂದ ಆ ಒಂದು ಪದಕ್ಕೆ ಗೌರವ ಬಂದಿದೆ, ಉಳಿದವಕ್ಕೆ ಬಂದಿಲ್ಲ. ಇನ್ನು ಆ ತಲೆಬರಹಗಳ ಎರಡನೆಯ ಭಾಗವನ್ನು ನೋಡಿ. ‘ಸರ್ಕಾರ ತಬ್ಬಿಬ್ಬು’ ಎಂಬುದಕ್ಕೆ ವರದಿಯಲ್ಲಿರುವ ಆಧಾರ, ಸಚಿವರು ‘ಪರಿಶೀಲಿಸಿ ಉತ್ತರಿಸುತ್ತೇನೆ’ ಎಂದದ್ದು ಮಾತ್ರ. ‘ಕಲಾಪ ಅಸ್ತವ್ಯಸ್ತ’ ಎಂಬುದಕ್ಕೆ ಆಧಾರ, ಸಭಾಧ್ಯಕ್ಷರು ಒಮ್ಮೆ ‘ಕುಳಿತುಕೊಳ್ಳಿ’ ಎಂದದ್ದು. ಅತಿ ಸಣ್ಣ ಘಟನೆಗಳೆರಡು, ಎರಡೂ ನಡೆದವು. ಒಬ್ಬ ಉಪಸಂಪಾದಕರಿಗೆ ಒಂದು ಸಾಕ್ಷಿಯಾಯಿತು, ಇನ್ನೊಬ್ಬರಿಗೆ ಇನ್ನೊಂದು.

ತಲೆಬರಹದ ಕನ್ನಡದಲ್ಲಿ ಮಾತನಾಡುವುದಕ್ಕೆ ಇರುವಷ್ಟು ಪದಗಳು ಬಹುಶಃ ಬೇರೆ ಯಾವ ಕೆಲಸಕ್ಕೂ ಇಲ್ಲ: ಕಿಡಿ, ವಾಗ್ದಾಳಿ, ತಿರುಗೇಟು, ಚಾಟಿ, ಲೇವಡಿ, ಟಾಂಗ್, ಗರಂ, ಅಳಲು, ಬಾಂಬ್. ಇವೆಲ್ಲ ಎದ್ದು ಕಾಣುವ ಪದಗಳಾದ್ದರಿಂದ ಓದುಗರು ಒಂದಿಷ್ಟು ರಿಯಾಯಿತಿ ಕೊಟ್ಟೇ ಓದುತ್ತಾರೆ. ನನಗೆ ಹೆಚ್ಚು ಚಿಂತೆ ಹುಟ್ಟಿಸುವುದು ಸಪ್ಪೆಯಾಗಿ ಕಾಣುವ ಕ್ರಿಯಾಪದಗಳು. ‘ಹೇಳಿದರು’ ಎಂದರೆ ಹೇಳಿದರು, ಅಷ್ಟೆ. ‘ತಿಳಿಸಿದರು’ ಎಂದರೆ ಅವರಿಗೆ ಗೊತ್ತಿದ್ದ ನಿಜವೊಂದನ್ನು ನಮಗೆ ದಾಟಿಸಿದರು ಎಂದಾಯಿತು. ‘ಸ್ಪಷ್ಟಪಡಿಸಿದರು’ ಎಂದರೆ ಗೊಂದಲ ಬೇರೆಯವರದು, ಸ್ಪಷ್ಟತೆ ಇವರದು. ‘ಒಪ್ಪಿಕೊಂಡರು’ ಎಂದಾಗ ತಪ್ಪಿತ್ತು ಎಂಬುದನ್ನು ಪತ್ರಿಕೆಯೇ ತೀರ್ಮಾನಿಸಿಬಿಟ್ಟಿದೆ. ಇನ್ನು ನಮ್ಮ ಭಾಷೆಯಲ್ಲಿ ಒಂದು ಉಪಾಯವಿದೆ, ಅದು ‘ಕೊಳ್ಳು’. ಸಮರ್ಥಿಸಿದರು ಎಂಬುದಕ್ಕೂ ಸಮರ್ಥಿಸಿಕೊಂಡರು ಎಂಬುದಕ್ಕೂ, ಹೇಳಿದರು ಎಂಬುದಕ್ಕೂ ಹೇಳಿಕೊಂಡರು ಎಂಬುದಕ್ಕೂ ಇರುವ ಅಂತರವನ್ನು ನಿಮ್ಮ ಎಂಟನೆಯ ತರಗತಿಯ ಮಗುವೂ ಗುರುತಿಸುತ್ತದೆ. ‘ರೈತರ ಪರ ಕೆಲಸ ಮಾಡಿದ್ದೇನೆ ಎಂದು ಸಚಿವರು ಹೇಳಿದರು’ ಎಂಬ ವಾಕ್ಯ ತಟಸ್ಥ. ‘ಹೇಳಿಕೊಂಡರು’ ಎಂದ ಕೂಡಲೇ ಸಚಿವರ ಮಾತಿನ ಮೇಲೆ ಅನುಮಾನದ ನೆರಳು ಬೀಳುತ್ತದೆ. ಎರಡಕ್ಷರ ಸೇರಿಸಿದ್ದಕ್ಕೆ ಯಾರೂ ಮಾನನಷ್ಟ ಮೊಕದ್ದಮೆ ಹೂಡಲಾರರು.

ಹಾಗೆಯೇ ತಲೆಬರಹ ಕಳೆದುಕೊಂಡ ಪ್ರತ್ಯಯವೂ ಒಂದಿದೆ. ನಾವು ಮಾತಿನಲ್ಲಿ ‘ಅವರು ರಾಜೀನಾಮೆ ಕೊಡ್ತಾರಂತೆ’ ಎನ್ನುತ್ತೇವೆ. ಆ ‘ಅಂತೆ’ ಬಹಳ ಪ್ರಾಮಾಣಿಕವಾದ ಪ್ರತ್ಯಯ: ನಾನು ಕಂಡದ್ದಲ್ಲ, ಕೇಳಿದ್ದು, ಹೊಣೆ ನನ್ನದಲ್ಲ ಎಂದು ಅದು ಬಾಯಿಬಿಟ್ಟು ಹೇಳುತ್ತದೆ. ಪತ್ರಿಕೆಯ ಶಿಷ್ಟ ಕನ್ನಡದಲ್ಲಿ ‘ಅಂತೆ’ಗೆ ಸ್ಥಾನವಿಲ್ಲದ್ದರಿಂದ ಅದರ ಜಾಗಕ್ಕೆ ‘ಎನ್ನಲಾಗಿದೆ’, ‘ಮೂಲಗಳು ತಿಳಿಸಿವೆ’ ಬಂದವು. ಅವು ಉದ್ದವಾದ್ದರಿಂದ ವರದಿಯ ಒಡಲಿನಲ್ಲೇ ಉಳಿದವು. ತಲೆಬರಹಕ್ಕೆ ಸಿಕ್ಕಿದ್ದು ಒಂದು ಪ್ರಶ್ನಾರ್ಥಕ ಚಿಹ್ನೆ: ‘ಸಚಿವರ ರಾಜೀನಾಮೆ?’ ಬೆಳಿಗ್ಗೆ ಬಸ್‌ ಸ್ಟ್ಯಾಂಡಿನಲ್ಲಿ ತೂಗುಹಾಕಿದ ಪತ್ರಿಕೆಯನ್ನು ಐದಡಿ ದೂರದಿಂದ ಓದುವವರಿಗೆ ಆ ಚಿಹ್ನೆ ಕಾಣುವುದಿಲ್ಲ, ‘ರಾಜೀನಾಮೆ’ ಕಾಣುತ್ತದೆ.

ಇಲ್ಲಿ ಒಂದು ಮಾತನ್ನು ಡೆಸ್ಕಿನವರ ಪರವಾಗಿ ಹೇಳಬೇಕು. ಎಲ್ಲವೂ ಸಂಚಲ್ಲ. ಕನ್ನಡ ಲಿಪಿಗೆ ಒತ್ತಕ್ಷರಗಳಿವೆ, ಮೇಲೆ ಕೆಳಗೆ ಜಾಗ ಬೇಕು; ದೊಡ್ಡ ಅಕ್ಷರದ ತಲೆಬರಹವನ್ನು ಮೂರು ಕಾಲಂಗೆ ಕೂರಿಸುವುದು ರಾತ್ರಿ 11ರ ಹೊತ್ತಿಗೆ ಎಂಥ ಒದ್ದಾಟವೆಂದು ಕುಳಿತವರಿಗೇ ಗೊತ್ತು. ‘ಯಡಿಯೂರಪ್ಪ’ ಬಿಎಸ್‌ವೈ ಆದದ್ದು, ‘ಕುಮಾರಸ್ವಾಮಿ’ ಎಚ್‌ಡಿಕೆ ಆದದ್ದು, ‘ಸಿದ್ದರಾಮಯ್ಯ’ ಸಿದ್ದು ಆದದ್ದು ಮೊದಲಿಗೆ ಜಾಗದ ಕಾರಣಕ್ಕೆ. ಆದರೆ ಅನುಕೂಲಕ್ಕೆ ಹುಟ್ಟಿದ ಹೆಸರು ಅನುಕೂಲಕ್ಕಷ್ಟೇ ನಿಲ್ಲುವುದಿಲ್ಲ. ಮೂರಕ್ಷರದ ಸಂಕ್ಷೇಪ ಮನುಷ್ಯನನ್ನು ಸಂಸ್ಥೆಯಂತೆ ದೂರಕ್ಕೆ ಒಯ್ಯುತ್ತದೆ. ‘ಸಿದ್ದು’ ಎಂಬುದು ಮನೆಯ ಹೆಸರಿನಂತೆ ಹತ್ತಿರಕ್ಕೆ ತರುತ್ತದೆ, ಕೆಲವೊಮ್ಮೆ ಸಲಿಗೆಯಿಂದ ಕೆಳಕ್ಕೂ ಇಳಿಸುತ್ತದೆ. ‘ರಾಜಾಹುಲಿ’, ‘ಟಗರು’, ‘ಕನಕಪುರದ ಬಂಡೆ’, ‘ಮಣ್ಣಿನ ಮಗ’ ಎಂಬ ಅಭಿಮಾನಿಗಳ ಬಿರುದುಗಳು ಉದ್ಧರಣ ಚಿಹ್ನೆಯೊಳಗೆ ಮುಖಪುಟ ಹೊಕ್ಕು, ಕೆಲವು ವರ್ಷಗಳಲ್ಲಿ ಆ ಚಿಹ್ನೆಯನ್ನೂ ಕಳಚಿಕೊಂಡವು. ಹುಲಿ ಎಂದು ಕರೆದ ಮೇಲೆ ಅದು ಘರ್ಜಿಸಲೇಬೇಕು. ಬಜೆಟ್ಟಿನ ಅಂಕಿಅಂಶದ ಬಗ್ಗೆ ಅದು ಮಾತನಾಡಿದರೂ ತಲೆಬರಹದಲ್ಲಿ ಘರ್ಜನೆಯೇ ಬರುತ್ತದೆ.

ಪದಗಳ ಆಯ್ಕೆ ಎಷ್ಟು ದೂರ ಹೋಗಬಲ್ಲದೆಂಬುದಕ್ಕೆ ನಮ್ಮದೇ ರಾಜ್ಯದ ಒಂದು ಉದಾಹರಣೆಯನ್ನು ಸ್ವಲ್ಪ ವಿವರವಾಗಿ ನೋಡೋಣ. 2019ರ ಜುಲೈನಲ್ಲಿ ಕಾಂಗ್ರೆಸ್ ಮತ್ತು ಜೆಡಿಎಸ್‌ನ ಹಲವು ಶಾಸಕರು ರಾಜೀನಾಮೆ ಪತ್ರ ಕೊಟ್ಟು ಮುಂಬೈಯ ಹೋಟೆಲ್ ಸೇರಿದರು. ಕನ್ನಡದ ಮುಖಪುಟಗಳು ಅವರನ್ನು ಕರೆದದ್ದು ‘ಅತೃಪ್ತ ಶಾಸಕರು’ ಎಂದು. ಈ ಪದವನ್ನು ಬಿಡಿಸಿ ನೋಡಿ. ಅದು ಅವರು ಏನು ಮಾಡಿದರೆಂದು ಹೇಳುವುದಿಲ್ಲ, ಅವರ ಮನಸ್ಸಿನೊಳಗೆ ಏನಿದೆ ಎಂದು ಹೇಳುತ್ತದೆ. ಅತೃಪ್ತಿ ಎಂಬುದಕ್ಕೆ ಕಾರಣ ಇರಲೇಬೇಕಾದ್ದರಿಂದ, ಯಾರೋ ಅವರನ್ನು ನೋಯಿಸಿರಬೇಕು ಎಂಬ ಭಾವ ಓದುಗರಲ್ಲಿ ತಾನಾಗಿ ಮೂಡುತ್ತದೆ. ‘ಬಂಡಾಯ ಶಾಸಕರು’ ಎಂದವರೂ ಇದ್ದರು. ಅದರಲ್ಲಿ ಧೈರ್ಯದ ಛಾಯೆಯಿದೆ, ಕನ್ನಡದಲ್ಲಿ ಬಂಡಾಯಕ್ಕೆ ನರಗುಂದದ ಬಂಡಾಯದಿಂದ ಬಂಡಾಯ ಸಾಹಿತ್ಯದವರೆಗೆ ಘನವಾದ ನೆನಪುಗಳಿವೆ. ‘ಪಕ್ಷಾಂತರಿ’ ಎಂದವರು ಕಡಿಮೆ. ಅದು ಮನಸ್ಸನ್ನಲ್ಲ, ಕೃತ್ಯವನ್ನು ಹೆಸರಿಸುವ ಪದ, ಮತ್ತು 1985ರ 52ನೇ ಸಂವಿಧಾನ ತಿದ್ದುಪಡಿಯ ಮೂಲಕ ಬಂದ, ಪಕ್ಷಾಂತರ ಮಾಡಿದವರನ್ನು ಅನರ್ಹಗೊಳಿಸುವ ಹತ್ತನೇ ಅನುಸೂಚಿಯನ್ನು ನೆನಪಿಸುವ ಪದ.

ಜುಲೈ 23ರಂದು ವಿಶ್ವಾಸಮತ 99ಕ್ಕೆ 105 ಮತಗಳಿಂದ ಬಿದ್ದು ಕುಮಾರಸ್ವಾಮಿಯವರ ಸರ್ಕಾರ ಹೋಯಿತು. ಆಗಿನ ಸ್ಪೀಕರ್ ರಮೇಶ್ ಕುಮಾರ್ ಅವರು 25ರಂದು ಮೂವರನ್ನೂ 28ರಂದು 14 ಮಂದಿಯನ್ನೂ ಅನರ್ಹಗೊಳಿಸಿದರು. ಮೂರೇ ದಿನಗಳ ಅಂತರದಲ್ಲಿ ‘ಅತೃಪ್ತರು’ ‘ಅನರ್ಹರು’ ಆದರು. ಆ ಪದ ಕಾನೂನಿನದು, ಆದರೆ ಕನ್ನಡದಲ್ಲಿ ‘ಅನರ್ಹ’ನಿಗೆ ಯೋಗ್ಯತೆಯಿಲ್ಲದವನೆಂಬ ಅರ್ಥವೂ ಇದೆ, ಎರಡು ಅರ್ಥಗಳ ನಡುವಿನ ಗೆರೆಯನ್ನು ತಲೆಬರಹಗಳು ಬೇಕೆಂದೇ ಮಸುಕಾಗಿಸಿದವು. ನವೆಂಬರ್ 13ರಂದು ಸುಪ್ರೀಂ ಕೋರ್ಟ್ ಅನರ್ಹತೆಯನ್ನು ಎತ್ತಿಹಿಡಿದರೂ ಮತ್ತೆ ಚುನಾವಣೆಗೆ ನಿಲ್ಲಲು ಅವಕಾಶ ಕೊಟ್ಟಿತು. ಡಿಸೆಂಬರ್ 5ರಂದು 15 ಕ್ಷೇತ್ರಗಳಿಗೆ ಉಪಚುನಾವಣೆ ನಡೆದು, ಅವರಲ್ಲಿ ಬಹುಪಾಲು ಮಂದಿ ಸೇರಿದ್ದ ಬಿಜೆಪಿ 12ರಲ್ಲಿ ಗೆದ್ದಾಗ ‘ಅನರ್ಹರು ಈಗ ಅರ್ಹರು’ ಎಂಬ ಬಗೆಯ ಪದಚಮತ್ಕಾರ ಮೆರೆಯಿತು. ಮತದಾರರು ಗೆಲ್ಲಿಸಿದರು ಎಂಬುದು ಸುದ್ದಿ. ಸುಪ್ರೀಂ ಕೋರ್ಟ್ ಎತ್ತಿಹಿಡಿದ ಅನರ್ಹತೆ ಆ ಗೆಲುವಿನಿಂದ ತಪ್ಪಾಗುವುದಿಲ್ಲ. ಪ್ರಾಸ ಮಾತ್ರ ಹಾಗೆಂದು ನಂಬಿಸಿತು. ಮಂತ್ರಿಗಳಾದ ಮೇಲೆ ಅವರೇ ‘ವಲಸಿಗರು’. ಬರಗಾಲಕ್ಕೆ ಊರು ಬಿಟ್ಟು ಬೆಂಗಳೂರಿನ ಕಟ್ಟಡ ಕೆಲಸಕ್ಕೆ ಬರುವವರಿಗೂ ನಾವು ಬಳಸುವ ಪದ ಅದು. ಆರೇಳು ತಿಂಗಳಲ್ಲಿ ಅದೇ ಮನುಷ್ಯರಿಗೆ ಹತ್ತಿರಹತ್ತಿರ ಐದು ಹೆಸರುಗಳು ಬಂದವು, ಒಂದೊಂದೂ ಒಂದೊಂದು ಭಾವನೆಯನ್ನು ಹೊತ್ತು ತಂದಿತು. ನಾನು ಆಗ ಡೆಸ್ಕಿನಲ್ಲಿದ್ದೆ. ‘ರಾಜೀನಾಮೆ ಕೊಟ್ಟ ಶಾಸಕರು’ ಎಂದೇ ಬರೆಯೋಣ ಎಂದು ಒಂದು ದಿನ ಪ್ರಯತ್ನಿಸಿ ನೋಡಿದೆವು. ಎರಡನೆಯ ಆವೃತ್ತಿಯ ಹೊತ್ತಿಗೆ ಜಾಗ ಸಾಲದೆ ‘ಅತೃಪ್ತ’ ಮರಳಿ ಬಂದು ಕುಳಿತಿತ್ತು.

ವಿಭಕ್ತಿಯನ್ನೂ ಗಮನಿಸಬೇಕು. ‘ಸಿಎಂಗೆ ಸಂಕಷ್ಟ’ ಎಂಬ ತಲೆಬರಹದಲ್ಲಿ ಮುಖ್ಯಮಂತ್ರಿ ಚತುರ್ಥಿಯಲ್ಲಿದ್ದಾರೆ. ಚತುರ್ಥಿ ಕನ್ನಡದಲ್ಲಿ ಹಸಿವೆ, ಜ್ವರ, ದುಃಖಗಳ ವಿಭಕ್ತಿ: ಅವು ನಮಗೆ ಆಗುತ್ತವೆ, ನಾವು ಮಾಡುವುದಲ್ಲ. ಸಂಕಷ್ಟ ಯಾರು ಮಾಡಿದ ಕೆಲಸದಿಂದ ಬಂತು ಎಂಬ ಪ್ರಶ್ನೆ ಅಲ್ಲಿ ಏಳುವುದೇ ಇಲ್ಲ. ಹಾಗೆಯೇ ‘ಏರು’ ಮತ್ತು ‘ಏರಿಸು’. ‘ಹಾಲಿನ ದರ ಏರಿಕೆ’ ಎಂದು ಬರೆದರೆ ಹೊಳೆಯ ನೀರು ಏರಿದಂತೆ ದರ ತಾನಾಗಿಯೇ ಏರಿತು. ‘ಹಾಲಿನ ದರ ಏರಿಸಿದ ಸರ್ಕಾರ’ ಎಂದರೆ ಏರಿಸಿದ ಕೈ ಕಾಣುತ್ತದೆ. ‘ಯೋಜನೆಗೆ ಸಿಎಂ ಚಾಲನೆ’ ಎನ್ನುವಾಗ ಮಾತ್ರ ಕರ್ತೃವನ್ನು ಯಾವ ಪತ್ರಿಕೆಯೂ ಮರೆಯುವುದಿಲ್ಲ. ಒಂದು ಪತ್ರಿಕೆಯ ಒಲವು ಯಾವ ಕಡೆಗಿದೆ ಎಂದು ತಿಳಿಯಲು ಸಂಪಾದಕೀಯ ಓದಬೇಕಾಗಿಲ್ಲ. ಒಳಿತಿನ ಸುದ್ದಿಯಲ್ಲಿ ಯಾರ ಹೆಸರು ಪ್ರಥಮಾ ವಿಭಕ್ತಿಯಲ್ಲಿ ಬರುತ್ತದೆ, ಕೆಡುಕಿನ ಸುದ್ದಿಯಲ್ಲಿ ಯಾರ ಹೆಸರು ಕಾಣೆಯಾಗುತ್ತದೆ ಎಂದು ಒಂದು ತಿಂಗಳು ಗುರುತು ಹಾಕಿಕೊಂಡರೆ ಸಾಕು.

ಅಂಕಿಗಳು ಭಾಷೆಯ ಈ ಆಟದಿಂದ ಹೊರಗಿವೆ ಎಂದು ನಂಬುವವರಿದ್ದಾರೆ. 2024ರ ಜೂನ್ 4ರ ಫಲಿತಾಂಶದಲ್ಲಿ ಕರ್ನಾಟಕದ 28 ಲೋಕಸಭಾ ಕ್ಷೇತ್ರಗಳಲ್ಲಿ ಬಿಜೆಪಿಗೆ 17, ಕಾಂಗ್ರೆಸ್ಸಿಗೆ 9, ಜೆಡಿಎಸ್‌ಗೆ 2 ಬಂದವು. 2019ರಲ್ಲಿ ಬಿಜೆಪಿ 25 ಗೆದ್ದಿತ್ತು, ಕಾಂಗ್ರೆಸ್ 1. ಹೀಗಿರುವಾಗ ಮೊದಲ ಸ್ಥಾನ ಬಿಜೆಪಿಗೆ ಎನ್ನಬಹುದು, ಎಂಟು ಕ್ಷೇತ್ರ ಕಳೆದುಕೊಂಡ ಬಿಜೆಪಿ ಎನ್ನಬಹುದು, ಒಂದರಿಂದ ಒಂಬತ್ತಕ್ಕೇರಿದ ಕಾಂಗ್ರೆಸ್ ಎನ್ನಬಹುದು, ರಾಜ್ಯದಲ್ಲಿ ಅಧಿಕಾರವಿದ್ದೂ ಎರಡಂಕಿ ಮುಟ್ಟದ ಕಾಂಗ್ರೆಸ್ ಎಂದೂ ಬರೆಯಬಹುದು. ನಾಲ್ಕೂ ನಿಜ. ದೆಹಲಿಯ ಮಟ್ಟದಲ್ಲೂ ಅದೇ ಕಥೆ: ಬಿಜೆಪಿಗೆ 240, ಎನ್‌ಡಿಎಗೆ 293, ಬಹುಮತಕ್ಕೆ ಬೇಕಾದದ್ದು 272. ಸತತ ಮೂರನೆಯ ಗೆಲುವು ಎಂಬುದೂ, ಸ್ವಂತ ಬಹುಮತ ತಪ್ಪಿತು ಎಂಬುದೂ ಒಂದೇ ಎಣಿಕೆಯಿಂದ ಹುಟ್ಟಿದ ವಾಕ್ಯಗಳು. ಯಾವುದು ದೊಡ್ಡಕ್ಷರದಲ್ಲಿ, ಯಾವುದು ಉಪಶೀರ್ಷಿಕೆಯಲ್ಲಿ ಎಂಬುದಷ್ಟೇ ಬೇರೆ.

ಈಗ ಚಿತ್ರಕ್ಕೆ ಬರೋಣ. ಮನುಷ್ಯ ನಿಮಿಷಕ್ಕೆ ಸುಮಾರು 15ರಿಂದ 20 ಸಲ ರೆಪ್ಪೆ ಬಡಿಯುತ್ತಾನೆ. ಅರ್ಧ ಗಂಟೆಯ ಪತ್ರಿಕಾಗೋಷ್ಠಿಯಲ್ಲಿ ಒಬ್ಬ ನಾಯಕರ ಕಣ್ಣು ಹತ್ತಿರಹತ್ತಿರ 500 ಸಲ ಮುಚ್ಚಿ ತೆರೆಯುತ್ತದೆ. ಸೆಕೆಂಡಿಗೆ ಹತ್ತು ಚಿತ್ರ ಹಿಡಿಯುವ ಇಂದಿನ ಕ್ಯಾಮೆರಾಗಳ ಮುಂದೆ, ತೂಕಡಿಸುತ್ತಿರುವಂತೆ ಕಾಣುವ ಹತ್ತಾರು ಚಿತ್ರಗಳು ಯಾರದ್ದಾದರೂ ಸಿಕ್ಕೇ ಸಿಗುತ್ತವೆ. ಬಾಯಿ ತೆರೆದದ್ದು, ಮೂಗು ಉಜ್ಜಿಕೊಂಡದ್ದು, ಪಕ್ಕದವರತ್ತ ಅನುಮಾನದಿಂದ ನೋಡಿದಂತೆ ಕಾಣುವುದು, ಎಲ್ಲವೂ ಸಿಗುತ್ತವೆ. ಕ್ಯಾಮೆರಾ ಸುಳ್ಳಾಡದು ಎಂಬುದು ಒಂದು ಕ್ಷಣದ ಮಟ್ಟಿಗೆ ನಿಜ, ಅರ್ಧ ಗಂಟೆಯ ಮಟ್ಟಿಗೆ ನಿಜವಲ್ಲ. ಎಚ್.ಡಿ. ದೇವೇಗೌಡರು 1996ರ ಜೂನ್ 1ರಿಂದ 1997ರ ಏಪ್ರಿಲ್ 21ರವರೆಗೆ ಪ್ರಧಾನಿಯಾಗಿದ್ದಾಗ ಸಭೆಗಳಲ್ಲಿ ಕಣ್ಣು ಮುಚ್ಚಿ ಕುಳಿತ ಅವರ ಚಿತ್ರಗಳು ಎಷ್ಟು ಸಲ ಅಚ್ಚಾದವೆಂದರೆ, ಆ ಹನ್ನೊಂದು ತಿಂಗಳ ಬಗ್ಗೆ ಕೇಳಿದರೆ ಇವತ್ತಿಗೂ ಅನೇಕರ ಕಣ್ಣಮುಂದೆ ಬರುವುದು ಅದೇ. ಅವರು ಕಣ್ಣು ಮುಚ್ಚುತ್ತಿದ್ದುದು ಹೌದು. ಆದರೆ ದಶಕಗಳ ಕಾಲ ಕಗ್ಗಂಟಾಗಿದ್ದ ಗಂಗಾ ನೀರು ಹಂಚಿಕೆಯ ಬಗ್ಗೆ ಬಾಂಗ್ಲಾದೇಶದೊಡನೆ 30 ವರ್ಷಗಳ ಒಪ್ಪಂದಕ್ಕೆ 1996ರ ಡಿಸೆಂಬರ್ 12ರಂದು ಸಹಿ ಹಾಕಿದ ಪ್ರಧಾನಿಯೂ ಅವರೇ. ಆ ಸಹಿಯ ಚಿತ್ರ ಯಾರ ನೆನಪಿನಲ್ಲಿದೆ?

ಇದು ನಮ್ಮಲ್ಲಿ ಮಾತ್ರ ಇರುವ ಚಾಳಿಯಲ್ಲ. ಬ್ರಿಟನ್ನಿನ ಲೇಬರ್ ಪಕ್ಷದ ಆಗಿನ ನಾಯಕ ಎಡ್ ಮಿಲಿಬ್ಯಾಂಡ್ 2014ರ ಮೇ ತಿಂಗಳಲ್ಲಿ ಲಂಡನ್ನಿನ ಮಾರುಕಟ್ಟೆಯೊಂದರಲ್ಲಿ ಸ್ಯಾಂಡ್‌ವಿಚ್ ಕಚ್ಚುವಾಗ ಮುಖ ವಿಕಾರವಾಗಿ ಕಂಡ ಚಿತ್ರವೊಂದನ್ನು ‘ದ ಸನ್’ ಪತ್ರಿಕೆ 2015ರ ಮೇ 6ರಂದು, ಅಂದರೆ ಮತದಾನದ ಹಿಂದಿನ ದಿನ, ಮುಖಪುಟದ ತುಂಬ ಹರಡಿತು. ಚಿತ್ರ ಅಸಲಿಯಾದರೂ ಒಂದು ವರ್ಷ ಹಳೆಯದು. ತಿನ್ನುವಾಗ ಯಾರ ಮುಖವೂ ಚೆನ್ನಾಗಿರುವುದಿಲ್ಲ. ಆದರೂ ಸರಿಯಾಗಿ ತಿನ್ನಲೂ ಬಾರದವನು ದೇಶ ಆಳಬಲ್ಲನೇ ಎಂಬ ಮಾತನ್ನು ಆ ಪುಟ ಬರೆಯದೆಯೇ ಹೇಳಿತು. ಇದೇ ಪತ್ರಿಕೆ 1992ರ ಏಪ್ರಿಲ್ 9ರ ಮತದಾನದ ದಿನ ಅದೇ ಪಕ್ಷದ ನೀಲ್ ಕಿನಕ್ ಅವರ ತಲೆಯನ್ನು ವಿದ್ಯುತ್ ಬಲ್ಬಿನೊಳಗೆ ಕೂರಿಸಿ, ಇವರು ಗೆದ್ದರೆ ಬ್ರಿಟನ್ ಬಿಟ್ಟು ಹೊರಡುವ ಕೊನೆಯವರು ದಯವಿಟ್ಟು ದೀಪ ಆರಿಸಿ ಹೋಗಿ ಎಂದು ಬರೆದಿತ್ತು. ಕಿನಕ್ ಸೋತರು. ಎರಡು ದಿನದ ಬಳಿಕ, ಗೆಲ್ಲಿಸಿದ್ದು ನಾವೇ ಎಂದು ಪತ್ರಿಕೆ ಮುಖಪುಟದಲ್ಲೇ ಹೆಮ್ಮೆಪಟ್ಟುಕೊಂಡಿತು. ಒಂದು ಪುಟ ಚುನಾವಣೆ ಗೆಲ್ಲಿಸುತ್ತದೆ ಎಂದು ನಾನು ನಂಬುವುದಿಲ್ಲ. ಆದರೆ ಒಬ್ಬ ಮನುಷ್ಯನನ್ನು ಮುಂದಿನ ಮೂವತ್ತು ವರ್ಷ ಹೇಗೆ ನೆನೆಯಬೇಕೆಂಬುದನ್ನು ಅದು ತೀರ್ಮಾನಿಸಬಲ್ಲದು.

ನನ್ನ ಕೈಯಿಂದಾದ ಒಂದು ತಪ್ಪನ್ನೂ ಇಲ್ಲಿ ಹೇಳಲೇಬೇಕು. ಒಂದು ವಿಧಾನಸಭಾ ಚುನಾವಣೆಯ ಕಾಲ. ಹಿರಿಯ ನಾಯಕರೊಬ್ಬರ ಬೆಂಬಲಿಗರಿಗೆ ಟಿಕೆಟ್ ತಪ್ಪಿತ್ತು, ತಮಗೆ ನೋವಾಗಿದೆ ಎಂದು ಅವರು ಆ ಸಂಜೆ ದೂರವಾಣಿಯಲ್ಲಿ ನಮ್ಮ ವರದಿಗಾರರಿಗೆ ಹೇಳಿದ್ದರು. ಮುಖಪುಟಕ್ಕೆ ಚಿತ್ರ ಬೇಕಿತ್ತು. ಆ ದಿನ ಮಧ್ಯಾಹ್ನದ ಬಹಿರಂಗ ಸಭೆಯಲ್ಲಿ ನಮ್ಮ ಫೋಟೊಗ್ರಾಫರ್ ತೆಗೆದ ಎಂಬತ್ತಕ್ಕೂ ಹೆಚ್ಚು ಚಿತ್ರಗಳು ಕಂಪ್ಯೂಟರಿನಲ್ಲಿದ್ದವು. ಅವುಗಳಲ್ಲಿ ಒಂದು, ನಾಯಕರು ಹೆಗಲ ಶಾಲಿನ ತುದಿಯನ್ನು ಕಣ್ಣಿನ ಹತ್ತಿರಕ್ಕೆ ಒಯ್ದದ್ದು. ನಾನು ಅದನ್ನೇ ಆರಿಸಿ, ಹಿಂದಿದ್ದ ವೇದಿಕೆ, ಪಕ್ಕದಲ್ಲಿ ನಗುತ್ತಿದ್ದ ಇಬ್ಬರು ಅಭ್ಯರ್ಥಿಗಳು, ಮೇಲಿನ ಶಾಮಿಯಾನ ಎಲ್ಲವನ್ನೂ ಕತ್ತರಿಸಿ ಮುಖವಷ್ಟೇ ಉಳಿಸಿದೆ. ಅಡಿಬರಹದಲ್ಲಿ ಅವರ ಹೆಸರನ್ನು ಮಾತ್ರ ಹಾಕಿದೆ. ಮೇಲೆ ‘ನೋವು ತೋಡಿಕೊಂಡ ನಾಯಕ’ ಎಂಬ ತಲೆಬರಹವಿತ್ತು. ಮರುದಿನ ಬೆಳಿಗ್ಗೆ ಫೋಟೊಗ್ರಾಫರ್ ಕರೆ ಮಾಡಿ, ‘ಸಾರ್, ಅದು ಬೆವರು. ಮೇ ತಿಂಗಳ ಮಧ್ಯಾಹ್ನ ಎರಡು ಗಂಟೆ, ಎಲ್ಲರೂ ಒರೆಸಿಕೊಳ್ಳುತ್ತಿದ್ದರು’ ಎಂದರು. ಚಿತ್ರದ ಜೊತೆ ಸಮಯ, ಸ್ಥಳ ಎರಡನ್ನೂ ಅವರು ಬರೆದೇ ಕಳಿಸಿದ್ದರು, ನಾನು ಓದಿರಲಿಲ್ಲ. ಸಂಪಾದಕರ ಬಳಿ ಹೋಗಿ ತಿದ್ದುಪಡಿ ಹಾಕೋಣವೆಂದು ಕೇಳಿದೆ. ‘ಏನನ್ನು ತಿದ್ದೋಣ? ಅತ್ತರು ಎಂದು ನಾವು ಎಲ್ಲೂ ಬರೆದಿಲ್ಲವಲ್ಲ’ ಎಂದರು. ಅವರು ಹೇಳಿದ್ದು ಸರಿಯಾಗಿತ್ತು. ತಲೆಬರಹ ನಿಜ, ಚಿತ್ರ ನಿಜ, ಅಡಿಬರಹ ನಿಜ. ಮೂರನ್ನೂ ಒಟ್ಟಿಗೆ ಇಟ್ಟದ್ದು ಮಾತ್ರ ಸುಳ್ಳು, ಮತ್ತು ಅದಕ್ಕೆ ತಿದ್ದುಪಡಿ ಹಾಕುವ ಕಾಲಂ ಯಾವ ಪತ್ರಿಕೆಯಲ್ಲೂ ಇಲ್ಲ. ಆ ಪುಟ ಇನ್ನೂ ನನ್ನ ಕಪಾಟಿನಲ್ಲಿದೆ.

ನಿಜವಾಗಿ ಅತ್ತಾಗಲೂ ಪದಗಳು ಹಂಚಿಹೋಗುತ್ತವೆ. 2018ರ ಜುಲೈನಲ್ಲಿ ಪಕ್ಷದ ಸಮಾರಂಭವೊಂದರಲ್ಲಿ ಮುಖ್ಯಮಂತ್ರಿ ಕುಮಾರಸ್ವಾಮಿ ಕಣ್ಣೀರು ಹಾಕಿದರು. 2021ರ ಜುಲೈ 26ರಂದು ತಮ್ಮ ಸರ್ಕಾರಕ್ಕೆ ಎರಡು ವರ್ಷ ತುಂಬಿದ ಸಮಾರಂಭದಲ್ಲೇ ಯಡಿಯೂರಪ್ಪನವರು ಗಂಟಲು ಕಟ್ಟಿ ರಾಜೀನಾಮೆ ಪ್ರಕಟಿಸಿದರು. ‘ಭಾವುಕ’ ಎಂದು ಬರೆದರೆ ಅದು ಹೃದಯವಂತಿಕೆ. ‘ಗದ್ಗದಿತ’ ಎಂದರೆ ಘನತೆ ಉಳಿಯುತ್ತದೆ. ‘ಕಣ್ಣೀರಿಟ್ಟ’ ಎಂದರೆ ಮರುಕ. ‘ಕಣ್ಣೀರಿನ ರಾಜಕಾರಣ’ ಎಂದರೆ ನಾಟಕ. ‘ಅತ್ತರು’ ಎಂಬ ಸರಳವಾದ ಕನ್ನಡ ಕ್ರಿಯಾಪದ ಮಾತ್ರ ಇಂಥ ಪುಟಗಳಲ್ಲಿ ಕಾಣಸಿಗುವುದು ಅಪರೂಪ. ಒಬ್ಬ ನಾಯಕರ ಕಣ್ಣೀರಿಗೆ ಒಂದು ಪದ, ಎದುರಾಳಿಯ ಕಣ್ಣೀರಿಗೆ ಇನ್ನೊಂದು ಪದ ಬಳಸುವ ಪತ್ರಿಕೆಯನ್ನು ಕಂಡರೆ ಎರಡೂ ಪುಟಗಳನ್ನು ತೆಗೆದಿರಿಸಿಕೊಳ್ಳಿ, ತರಗತಿಯಲ್ಲಿ ಅದಕ್ಕಿಂತ ಒಳ್ಳೆಯ ಪಾಠ ಸಿಗದು.

ಮುಖಪುಟದ ಜಾಹೀರಾತನ್ನು ಇಲ್ಲಿ ಸೇರಿಸಿ ಹೇಳುವುದು ಅಗತ್ಯ, ಏಕೆಂದರೆ ಪತ್ರಿಕೆಯ ಹೆಸರಿನ ಕೆಳಗೇ ಬರುವ ಜಾಕೆಟ್ ಜಾಹೀರಾತನ್ನು, ಅಂದರೆ ಪತ್ರಿಕೆಗೆ ಹೊದಿಕೆಯಂತೆ ಸುತ್ತಿದ ಜಾಹೀರಾತಿನ ಪುಟವನ್ನು, ಸುದ್ದಿಯೆಂದೇ ತಿಳಿಯುವ ಓದುಗರು ಬಹಳ. 2023ರ ಮೇ 10ರ ಮತದಾನಕ್ಕೆ ಐದು ದಿನ ಮೊದಲು, ಬಿಜೆಪಿ ಸರ್ಕಾರದ ಭ್ರಷ್ಟಾಚಾರದ ದರಪಟ್ಟಿ ಎಂದು ಕಾಂಗ್ರೆಸ್ ಪತ್ರಿಕೆಗಳ ಮುಖಪುಟದಲ್ಲಿ ಜಾಹೀರಾತು ಕೊಟ್ಟಿತು. ಹೋಟೆಲಿನ ದರಪಟ್ಟಿಯ ರೂಪವನ್ನೇ ಹೋಲುವ ಅದರಲ್ಲಿ ಆರೋಪ ಅಂಕಿಯ ವೇಷ ತೊಟ್ಟಿತ್ತು. ಬಿಜೆಪಿ ದೂರು ಕೊಟ್ಟಿತು, ಚುನಾವಣಾ ಆಯೋಗ ಕಾಂಗ್ರೆಸ್ಸಿನ ರಾಜ್ಯ ಸಮಿತಿಯ (ಕೆಪಿಸಿಸಿ) ಅಧ್ಯಕ್ಷರಿಗೆ ನೋಟಿಸ್ ಕೊಟ್ಟು ಪುರಾವೆ ಕೇಳಿತು. ಮತದಾನದ ದಿನ ಮತ್ತು ಅದರ ಹಿಂದಿನ ದಿನದ ಮುದ್ರಣ ಜಾಹೀರಾತುಗಳಿಗೆ ಪೂರ್ವ ಅನುಮೋದನೆ ಕಡ್ಡಾಯವೆಂದು ಎಲ್ಲ ಪಕ್ಷಗಳಿಗೂ ನೆನಪಿಸಿತು. ಸುದ್ದಿಗೆ ಅಂಥ ಪೂರ್ವ ಅನುಮೋದನೆ ಇಲ್ಲ, ಇರಲೂಬಾರದು. ತಲೆಬರಹವು ಅದರ ಕೆಳಗಿನ ವರದಿಯಿಂದ ಸಮರ್ಥನೆ ಪಡೆಯುವಂತಿರಬೇಕು ಎಂದು ಭಾರತೀಯ ಪತ್ರಿಕಾ ಮಂಡಳಿಯ ಆಚಾರಸೂತ್ರ ಹೇಳುತ್ತದೆ. ಆದರೆ ಮಂಡಳಿ ಎಚ್ಚರಿಸಬಹುದು, ಖಂಡಿಸಬಹುದು, ದಂಡ ಹಾಕಲಾರದು. ಆದ್ದರಿಂದ ಕಾವಲು ಕೆಲಸ ಓದುಗರ ಪಾಲಿಗೇ ಬರುತ್ತದೆ.

ಮಕ್ಕಳಿಗೆ ಏನು ಹೇಳಿಕೊಡಲಿ ಎಂದು ಕೇಳಿದ್ದೀರಿ. ಸಿದ್ಧಾಂತ ಬೇಡ. ತಲೆಬರಹವನ್ನೂ ಚಿತ್ರವನ್ನೂ ಕಾಗದ ಅಂಟಿಸಿ ಮುಚ್ಚಿ, ವರದಿಯನ್ನು ಕೊನೆಯ ಸಾಲಿನವರೆಗೆ ಗಟ್ಟಿಯಾಗಿ ಓದಿಸಿ, ಬಳಿಕ ಏಳು ಪದಗಳಲ್ಲಿ ಅವರವರೇ ತಲೆಬರಹ ಬರೆಯಲಿ. ಆಮೇಲೆ ಕಾಗದ ಕಿತ್ತು ಹೋಲಿಸಲಿ. ಚಿತ್ರಕ್ಕಾದರೆ ಮೂರು ಪ್ರಶ್ನೆ ಸಾಕು: ಇದು ಎಂದಿನದು, ಎಲ್ಲಿಯದು, ಅಂಚಿನಲ್ಲಿ ಏನನ್ನು ಕತ್ತರಿಸಿರಬಹುದು? ಅಡಿಬರಹದಲ್ಲಿ ಬರಿಯ ಹೆಸರಿದ್ದು ದಿನವೂ ಸ್ಥಳವೂ ಇಲ್ಲದಿದ್ದರೆ ಆ ಚಿತ್ರವನ್ನು ಸುದ್ದಿಯ ಸಾಕ್ಷಿಯೆಂದು ತೆಗೆದುಕೊಳ್ಳಬಾರದೆಂದು ಕಲಿಸಿ.

ಈ ಅಭ್ಯಾಸವನ್ನು ನಿಮ್ಮ ನಾಲ್ಕು ಪುಟಗಳ ಮೇಲೆ ನಾನೇ ಮಾಡಿ ನೋಡಿದೆ. ನಿಮ್ಮ ಶಾಸಕರು ಆ ದಿನ ಹನ್ನೊಂದು ನಿಮಿಷ ಮಾತನಾಡಿದ್ದಾರೆ. ಮಾತನಾಡಿದ್ದು ಅಡಿಕೆಯ ಎಲೆಚುಕ್ಕಿ ರೋಗದ ಬಗ್ಗೆ: ಔಷಧಿ ಸಿಂಪಡಣೆಗೆ ಕೊಡುವ ಸಹಾಯಧನ ಸಣ್ಣ ಹಿಡುವಳಿದಾರರಿಗೆ ಯಾಕೆ ತಲುಪುತ್ತಿಲ್ಲ, ಮಳೆಗಾಲ ಶುರುವಾದ ಮೇಲೆ ಹಣ ಬಂದರೆ ಏನು ಪ್ರಯೋಜನ ಎಂದು ಕೇಳಿದ್ದಾರೆ. ಅಪ್ಪನ ಪತ್ರಿಕೆಯಲ್ಲಿ ಇದು ಏಳನೇ ಪುಟದಲ್ಲಿ ಮುಂದುವರಿದ ಭಾಗದ ನಾಲ್ಕನೆಯ ಪ್ಯಾರಾದಲ್ಲಿದೆ. ನಿಮ್ಮ ಪತ್ರಿಕೆಯಲ್ಲಿ ಎರಡು ಸಾಲಿನಲ್ಲಿ ಮುಗಿದಿದೆ. ಒಂದು ಪುಟ ಅವರನ್ನು ವೀರನಾಗಿ ತೋರಿಸಿತು, ಇನ್ನೊಂದು ಗಲಾಟೆಕೋರನಾಗಿ ತೋರಿಸಿತು. ಅವರು ಹೇಗೆ ಮಾತನಾಡಿದರೆಂಬುದಕ್ಕೆ ಎರಡರಲ್ಲೂ ಮೂರು ಕಾಲಂ ಜಾಗ ಸಿಕ್ಕಿದೆ, ಏನು ಮಾತನಾಡಿದರೆಂಬುದಕ್ಕೆ ಎರಡೂ ಮುಖಪುಟಗಳಲ್ಲಿ ಒಂದು ಪದದಷ್ಟೂ ಜಾಗವಿಲ್ಲ. ನಿಮ್ಮ ತೋಟದಲ್ಲೂ ಎಲೆಚುಕ್ಕಿ ಬಂದಿರಬಹುದು. ಅಪ್ಪನ ಜೊತೆ ಕುಳಿತು ಏಳನೇ ಪುಟದ ಆ ನಾಲ್ಕನೆಯ ಪ್ಯಾರಾವನ್ನು ಒಮ್ಮೆ ಓದಿ. ಸಹಾಯಧನಕ್ಕೆ ಅರ್ಜಿ ಕೊಡಬೇಕಾದ ಕೊನೆಯ ದಿನವೂ ಅದರಲ್ಲೇ ಇದೆ.